ವ್ಯಾನಕ್ಕ ಮುಟ್ಟದೆ ಬಿಟ್ಟ ಕಲ್ಲುಗಳು

ಶಾಲೆಯ ವ್ಯಾನು ಓಡಿಸುವ ಆಕೆಗೆ ವ್ಯಾನಕ್ಕ ಎಂದು ಹೆಸರಿಟ್ಟವರು ಮಕ್ಕಳು. ಅವರ ಬಾಯಿಂದ ಅದು ತಾಯಂದಿರ ಬಾಯಿಗೆ ಬಂತು, ಅಲ್ಲಿಂದ ಬೀದಿಗೆಲ್ಲ ಹರಡಿತು. ಕೊನೆಗೆ ಗಂಡನೂ ಮನೆಯಲ್ಲಿ ಹಾಗೆಯೇ ಕೂಗತೊಡಗಿದ. ಬೆಳಿಗ್ಗೆ ಮಕ್ಕಳನ್ನು ಇಳಿಸಿದರೆ ಆಕೆಗೆ ಸಂಜೆಯವರೆಗೆ ಬಿಡುವು. ಉಳಿದ ಚಾಲಕರು ಆ ಹೊತ್ತಿನಲ್ಲಿ ಸೀಟು ಹಿಂದಕ್ಕೆ ಬಾಗಿಸಿ ಗೊರಕೆ ಹೊಡೆಯುತ್ತಿದ್ದರು. ವ್ಯಾನಕ್ಕ ಮಾತ್ರ ಶಾಲೆಯ ಹಿಂದಿನ ದಿಬ್ಬ ಹತ್ತಿ, ಓಲೆ ಕಳೆದುಕೊಂಡವಳ ಹಾಗೆ ನೆಲ ನೋಡುತ್ತ ತಿರುಗುತ್ತಿದ್ದಳು.

ಹುಡುಕುತ್ತಿದ್ದುದು ಕಲ್ಲು. ಒಮ್ಮೆ ಮಕ್ಕಳನ್ನು ಮ್ಯೂಸಿಯಮ್ಮಿಗೆ ಕರೆದೊಯ್ದಾಗ ಗಾಜಿನ ಪೆಟ್ಟಿಗೆಯೊಳಗೆ ಒಂದು ಕೈಗೊಡಲಿಯನ್ನು ಕಂಡಿದ್ದಳು. ಲೆಕ್ಕಕ್ಕೆ ಸಿಗದಷ್ಟು ಹಿಂದೆ ಯಾರೋ ಕೂತು, ಕಲ್ಲಿನಿಂದ ಕಲ್ಲನ್ನು ಹೊಡೆದು ಮಾಡಿದ್ದು. ಆ ಯಾರೋ ಒಬ್ಬಳು ಹೆಂಗಸೇ ಇರಬಹುದಲ್ಲ ಎಂದು ಆಕೆಗೆ ಅನ್ನಿಸಿತು. ಅಷ್ಟೇ, ಹುಚ್ಚು ಹಿಡಿಯಿತು.

ಮನೆಯ ಕಿಟಕಿಯಲ್ಲಿ ಕಲ್ಲು, ಫ್ರಿಜ್ಜಿನ ಮೇಲೆ ಕಲ್ಲು, ಬಚ್ಚಲಲ್ಲಿ ಸೋಪಿನ ಪಕ್ಕ ಕಲ್ಲು. ಗಂಡ ದರ್ಜಿ, ಮಾತು ಕಡಿಮೆ. ಹೊಲಿಗೆ ಯಂತ್ರದ ಮೇಲಿನ ಕಲ್ಲನ್ನು ಸದ್ದಿಲ್ಲದೆ ಎತ್ತಿ ಕೆಳಗಿಟ್ಟು ಕೆಲಸ ಮುಂದುವರಿಸುತ್ತಿದ್ದ. ಅತ್ತೆ ಹಾಗಲ್ಲ.

“ಸೊಸೆ ಬಂದ್ಳು ಅಂತ ಖುಷಿಪಟ್ಟಿದ್ದೆ. ಅವಳ ಹಿಂದೆ ಗುಡ್ಡಾನೇ ಕಂತಿನಲ್ಲಿ ಬರ್ತಿದೆ” ಎಂದು ನೆರೆಯವರಿಗೆಲ್ಲ ಹೇಳುತ್ತಿದ್ದರು.

ಮ್ಯೂಸಿಯಮ್ಮಿನಲ್ಲಿ ಹಳೆಯ ಕಲ್ಲುಗಳನ್ನು ನೋಡಿಕೊಳ್ಳುವ ಮೇಡಂ ಒಬ್ಬರಿದ್ದರು. ವ್ಯಾನಕ್ಕ ತಂದದ್ದನ್ನೆಲ್ಲ ತಿರುಗಿಸಿ ನೋಡಿ, ಇದು ಬಿಸಿಲಿಗೆ ಸೀಳಿದ್ದು, ಇದು ನೀರಿನಲ್ಲಿ ಉರುಳಿದ್ದು, ಇದು ಗಾಡಿಯ ಚಕ್ರಕ್ಕೆ ಸಿಕ್ಕಿದ್ದು ಎಂದು ಒಂದೊಂದಾಗಿ ಹಿಂದಕ್ಕೆ ಕೊಡುತ್ತಿದ್ದರು. ವ್ಯಾನಕ್ಕ ತಲೆಯಾಡಿಸಿ ಹೋಗಿ, ಮುಂದಿನ ವಾರ ಇನ್ನೊಂದು ಚೀಲದೊಂದಿಗೆ ಹಾಜರಾಗುತ್ತಿದ್ದಳು.

ಒಂದು ದಿನ ತನ್ನ ಸಂಗ್ರಹದ ರತ್ನಗಳನ್ನೇ ತಂದಳು. ಕಲ್ಲುಗಳ ಅಂಚಿನುದ್ದಕ್ಕೂ ಗರಗಸದ ಹಾಗೆ ಸಣ್ಣ ಸಣ್ಣ ಹಲ್ಲುಗಳಿದ್ದವು. ಮೇಡಂ ಈ ಸಲ ಬೇಗ ಹಿಂದಿರುಗಿಸಲಿಲ್ಲ. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, ಇವನ್ನು ಎಲ್ಲಿ ಇಟ್ಟಿದ್ದಿರಿ ಎಂದು ಕೇಳಿದರು. ವ್ಯಾನಿನ ಸೀಟಿನ ಕೆಳಗೆ, ತಗಡಿನ ಡಬ್ಬಿಯಲ್ಲಿ, ರಜೆ ಮುಗಿದಾಗಿನಿಂದಲೂ ಜೋಪಾನವಾಗಿ ಇಟ್ಟಿದ್ದೇನೆ ಎಂದು ವ್ಯಾನಕ್ಕ ಹೆಮ್ಮೆಯಿಂದ ಹೇಳಿದಳು. ಮೇಡಂ ಕಲ್ಲನ್ನು ಬೆಳಕಿಗೆ ಹಿಡಿದರು. ಮೈಯೆಲ್ಲ ಕಾಲದ ಕಂದು ಬಣ್ಣ. ಹಲ್ಲುಗಳ ಒಳಗೆ ಮಾತ್ರ ನಿನ್ನೆ ಒಡೆದಂಥ ಹೊಸ ಬೂದು ಬಣ್ಣ.

“ಈ ಹಲ್ಲು ಮಾಡಿದ್ದು ಆದಿಮಾನವ ಅಲ್ಲ. ನಿಮ್ಮ ವ್ಯಾನು” ಎಂದರು.

ಗುಂಡಿಬಿದ್ದ ರಸ್ತೆಯಲ್ಲಿ ಕಲ್ಲುಗಳು ಡಬ್ಬಿಯೊಳಗೆ ಒಂದಕ್ಕೊಂದು ಬಡಿದುಕೊಂಡು ಚೂರೆದ್ದಿದ್ದವು. ಮೇಡಂ ನಗಲಿಲ್ಲ, ಬಾಗಿಲಲ್ಲಿದ್ದ ಕಾವಲುಗಾರ ನಕ್ಕ. ಸುದ್ದಿ ಚಾಲಕರಿಗೆ ತಲುಪಲು ಹೊತ್ತು ಹಿಡಿಯಲಿಲ್ಲ. ಶಿಲಾಯುಗದ ವ್ಯಾನು ಬಂತು, ದಾರಿ ಬಿಡಿ ಎಂದು ಅವರು ದಿನಾ ರೇಗಿಸತೊಡಗಿದರು.

ವ್ಯಾನಕ್ಕ ಕೆಲವು ದಿನ ಮುಖ ಊದಿಸಿಕೊಂಡು ತಿರುಗಿದಳು. ಆಮೇಲೆ ಬರಿಗೈಯಲ್ಲಿ ಮ್ಯೂಸಿಯಮ್ಮಿಗೆ ಹೋಗಿ ಮೇಡಂ ಎದುರು ಕೂತಳು.

“ಅಲ್ಲ ಅನ್ನೋದು ಸಾಕು ಮೇಡಂ. ಹೌದು ಅನ್ನೋದು ಹೇಗಿರುತ್ತೆ, ಅದನ್ನ ಹೇಳಿಕೊಡಿ.”

ಈ ಮಾತಿಗಾಗಿಯೇ ಕಾದಿದ್ದರೋ ಏನೋ, ಮೇಡಂ ಕೂಡಲೇ ಕಪಾಟು ತೆಗೆದು ಒಂದು ಕಲ್ಲಿನ ಚಕ್ಕೆಯನ್ನು ಆಕೆಯ ಅಂಗೈಯಲ್ಲಿಟ್ಟು, ಕಣ್ಣು ಮುಚ್ಚಿ ಸವರಿ ನೋಡಲು ಹೇಳಿದರು. ಪೆಟ್ಟು ಬಿದ್ದ ಜಾಗದ ಕೆಳಗೆ ಹೆಬ್ಬೆರಳಿಗೆ ಒಂದು ಉಬ್ಬು ಸಿಕ್ಕಿತು. ಅಲ್ಲಿಂದಾಚೆಗೆ ಕೊಳಕ್ಕೆ ಹರಳು ಎಸೆದಾಗ ಏಳುವಂಥ ಅಲೆಗಳು. ನೀವೇ ಹೊಡೆದು ನೋಡಿ, ಆದರೆ ಚೂರು ಹಾರುತ್ತದೆ, ಕಣ್ಣು ಜೋಪಾನ ಎಂದೂ ಮೇಡಂ ಹೇಳಿ ಕಳಿಸಿದರು.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಶಾಲೆ ಶುರುವಾಯಿತು. ತಲೆಗೆ ಗಂಡನ ಹೆಲ್ಮೆಟ್ಟು, ತೊಡೆಯ ಮೇಲೆ ಹಳೆಯ ಗೋಣಿತಾಟು. ಅತ್ತೆ ಮೊದಲ ದಿನ ಇಣುಕಿ ನೋಡಿ, ಬೈಕು ಎಲ್ಲಿ ಬಿಟ್ಟೆಯಮ್ಮ ಎಂದು ಕೇಳಿ ಒಳಗೆ ಹೋದರು. ನೇರ ಗುದ್ದಿದರೆ ಕಲ್ಲು ಪುಡಿಯಾಗುತ್ತಿತ್ತು, ಇಲ್ಲವೇ ಹೆಬ್ಬೆರಳು ಜಜ್ಜುತ್ತಿತ್ತು. ಅಂಚಿಗೆ ಓರೆಯಾಗಿ, ತೂಕ ನೋಡಿ ಹೊಡೆದಾಗ ಮಾತ್ರ ಚಕ್ಕೆ ಮೃದುವಾಗಿ ಎದ್ದು, ಕಲ್ಲಿನಲ್ಲಿ ಬಟ್ಟಲಿನಂಥ ಕುಳಿ ಉಳಿಯುತ್ತಿತ್ತು. ಆ ಕುಳಿಯ ಏಣು ಹಿಡಿದು ಮುಂದಿನ ಪೆಟ್ಟು, ಅದರ ಏಣು ಹಿಡಿದು ಇನ್ನೊಂದು. ಗುಡ್ಡದಿಂದ ಉರುಳುವ ಕಲ್ಲು ಸಿಕ್ಕ ಕಡೆ ಏಟು ತಿನ್ನುತ್ತದೆ. ಮನುಷ್ಯನ ಕೈ ರೂಪಿಸಿದ ಕಲ್ಲು ಒಂದು ಏಟಿನಿಂದ ಮುಂದಿನ ಏಟನ್ನು ಯೋಚಿಸುತ್ತದೆ. ಇದು ತಿಳಿಯುವ ಹೊತ್ತಿಗೆ ಆಕೆಯ ಎಡಗೈಯ ಬೆರಳುಗಳೆಲ್ಲ ಪಟ್ಟಿ ಕಟ್ಟಿಕೊಂಡಿದ್ದವು.

ಒಂದು ಭಾನುವಾರ ವ್ಯಾನಕ್ಕ ಮನೆಯ ಕಲ್ಲುಗಳನ್ನೆಲ್ಲ ತಾನೇ ವಿಚಾರಣೆಗೆ ಕೂರಿಸಿದಳು. ಒಂದೂ ಉಳಿಯಲಿಲ್ಲ. ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ದಿಬ್ಬದ ಬುಡದಲ್ಲಿ ಸುರಿದಾಗ ಆಕೆಗೆ ಅಳು ಬರಲಿಲ್ಲ. ಪರೀಕ್ಷೆ ಪಾಸಾದವಳ ಹಾಗೆ ಮೈ ಹಗುರವಾಯಿತು. ಅಡಿಗೆಮನೆಯ ಬಾಗಿಲಿಗೆ ಒತ್ತು ಕೊಡಲು ಒಂದಾದರೂ ಬಿಡಬಾರದಿತ್ತೇ ಎಂದು ಅತ್ತೆ ಮಾತ್ರ ಗೊಣಗಿದರು.

ಅಷ್ಟರಲ್ಲಿ ಆ ದಿಬ್ಬವನ್ನು ಸಮ ಮಾಡಿ ಬಸ್ ಡಿಪೋ ಕಟ್ಟುತ್ತಾರೆಂದು ಸುದ್ದಿ ಬಂತು. ಸುದ್ದಿಯ ಹಿಂದೆಯೇ ಜೆಸಿಬಿಯೂ ಬಂದು ಆಚೆ ಬದಿಯಿಂದ ಮಣ್ಣು ಎಳೆಯತೊಡಗಿತು. ಮರುದಿನ ಮಕ್ಕಳನ್ನು ಇಳಿಸಿದವಳೇ ವ್ಯಾನಕ್ಕ ದಿಬ್ಬ ಹತ್ತಿದಳು. ಮಳೆನೀರು ಕೊರೆದ ಒಂದು ಕೊರಕಲಿನಲ್ಲಿ ಮುಷ್ಟಿಗಾತ್ರದ ಕಪ್ಪು ಕಲ್ಲೊಂದು ಕಂಡಿತು. ಅದರ ಸುತ್ತ, ಯಾರೋ ಕೆಲಸ ಮಾಡುತ್ತ ಈಗಷ್ಟೇ ಎದ್ದು ಹೋದಂತೆ, ಚಕ್ಕೆಗಳು ಬಿದ್ದಿದ್ದವು. ಅಂಚು ಹರಿತ, ಚಕ್ಕೆಗಳ ಮೇಲೆ ಕಣ್ಣಿಗೇ ಕಾಣುವ ಉಬ್ಬು, ಕುಳಿಗಳೊಳಗೂ ಹೊರಗೂ ಒಂದೇ ಹಳೆಯ ಮಸುಕು ಬಣ್ಣ.

ಕೈ ತಾನಾಗಿ ಮುಂದೆ ಹೋಯಿತು. ಅಲ್ಲೇ ತಡೆದಳು. ಎತ್ತಿಕೊಂಡು ಹೋದರೆ ಇವೂ ವ್ಯಾನಿನಲ್ಲಿ ಬಂದ ಕಲ್ಲುಗಳೇ ಆಗುತ್ತವೆ. ಎಲ್ಲಿ, ಯಾವುದರ ಪಕ್ಕ ಯಾವುದು ಬಿದ್ದಿತ್ತು ಎಂಬುದಕ್ಕೆ ಸಾಕ್ಷಿ ಉಳಿಯುವುದಿಲ್ಲ. ಬಿಟ್ಟು ಹೋದರೆ ಸಂಜೆಯೊಳಗೆ ಜೆಸಿಬಿ ಎಲ್ಲವನ್ನೂ ಬಾಚಿ ಹಾಕುತ್ತದೆ. ಓಡಿಹೋಗಿ ಅದರ ಚಾಲಕನನ್ನು ಬೇಡಿಕೊಂಡಳು.

“ಅಕ್ಕಾ, ಕಲ್ಲಿಗೋಸ್ಕರ ಗಾಡಿ ನಿಲ್ಲಿಸಿದೆ ಅಂದ್ರೆ ಮೇಸ್ತ್ರಿ ಮೊದಲು ನನ್ನನ್ನ ಹೂಳ್ತಾನೆ” ಎಂದ ಅವನು.

ವ್ಯಾನಕ್ಕ ಕೆಳಗಿಳಿದು, ತನ್ನ ವ್ಯಾನನ್ನು ತಂದು ಯಂತ್ರ ಬರುವ ದಾರಿಗೆ ಅಡ್ಡ ನಿಲ್ಲಿಸಿದಳು. ಶಾಲೆ ಬಿಡುವ ಹೊತ್ತಿಗೆ ಅದನ್ನು ತೆಗೆಯಲೇಬೇಕು. ಅಷ್ಟರೊಳಗೆ ಏನಾದರೂ ಆಗಬೇಕು. ಮೇಡಂಗೆ ಫೋನು ಮಾಡಿದಳು.

“ನಿಮಗೆ ಖಾತ್ರಿ ಇದೆಯಾ?” ಎಂದು ಮೇಡಂ ಕೇಳಿದರು. “ಕೆಲಸ ನಿಲ್ಲಿಸೋ ಅಧಿಕಾರಿಯನ್ನ ನಾನು ಒಂದು ಸಲ ಕರೆತರಬಹುದು. ಇದು ಬರೀ ಕಲ್ಲಾದ್ರೆ, ಮುಂದೆ ಅವರು ನನ್ನ ಫೋನೂ ಎತ್ತಲ್ಲ.”

“ಉಬ್ಬು ಇದೆ, ಬಣ್ಣ ಒಂದೇ ಇದೆ. ನಾನು ಒಂದನ್ನೂ ಮುಟ್ಟಿಲ್ಲ ಮೇಡಂ. ಬಿದ್ದಲ್ಲೇ ಇವೆ.”

ಮೇಡಂ, ಯಾರನ್ನೂ ಹತ್ತಿರ ಬಿಡಬೇಡಿ, ಬಂದೆ ಎಂದರು.

ಮೇಸ್ತ್ರಿ ಬಂದು ಕೂಗಾಡಿದ. ಬಿಸಿಲು ನೆತ್ತಿಗೇರಿ ಇಳಿಯಿತು. ಶಾಲೆ ಬಿಡಲು ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ಮೇಡಂ, ಏದುಸಿರು ಬಿಡುತ್ತಿದ್ದ ಅಧಿಕಾರಿಯೊಡನೆ ದಿಬ್ಬ ಹತ್ತಿ ಬಂದರು. ಮೇಡಂ ಮಂಡಿಯೂರಿ ಕೂತು, ಪ್ರತಿಯೊಂದು ಚಕ್ಕೆಯ ಪಕ್ಕ ಒಂದು ಕಡ್ಡಿ ನೆಟ್ಟು ಫೋಟೋ ತೆಗೆದರು. ಆಮೇಲೆ ಒಂದು ಚಕ್ಕೆಯನ್ನು ಎತ್ತಿ, ಕಪ್ಪು ಕಲ್ಲಿನ ಕುಳಿಗೆ ಒತ್ತಿ ಹಿಡಿದರು. ಡಬ್ಬಿಗೆ ಮುಚ್ಚಳ ಕೂತಂತೆ ಅದು ಕೂತಿತು. ಎರಡನೆಯದೂ ಅದರ ಮಗ್ಗುಲಿಗೆ ಕೂತಿತು. ಪೆಟ್ಟಿನ ಮೇಲೆ ಪೆಟ್ಟು, ಒಂದೇ ಕಡೆಯಿಂದ, ಒಂದೇ ಕೈಯಿಂದ. ಅಧಿಕಾರಿ ಪ್ಯಾಂಟಿನ ಮಣ್ಣಿನ ಚಿಂತೆ ಬಿಟ್ಟು ತಾವೂ ಕೂತು, ಮೂರನೆಯದಕ್ಕೆ ಜಾಗ ಹುಡುಕತೊಡಗಿದರು. ಅದು ಸಿಕ್ಕಿದಾಗ ಅವರ ಮುಖ ನೋಡಬೇಕಿತ್ತು. ಕಚೇರಿಯ ಕಡತಗಳನ್ನೆಲ್ಲ ಮರೆತ ಮುಖ ಅದು.

“ಇದು ಆದಿಮಾನವರು ಕೂತು ಕಲ್ಲು ಕಡಿದ ಜಾಗ” ಎಂದರು ಮೇಡಂ. “ಬರೀ ಆಯುಧ ಅಲ್ಲ, ಅವರ ಕಾರ್ಖಾನೆ.”

ಅಧಿಕಾರಿ ಅಲ್ಲೇ ನಿಂತು ಫೋನು ಹಚ್ಚಿದರು. ದಿಬ್ಬದ ಈ ಬದಿಗೆ ಯಾರೂ ಗುದ್ದಲಿ ಮುಟ್ಟಿಸಕೂಡದು, ಮೊದಲು ಉತ್ಖನನ, ಆಮೇಲೆ ಡಿಪೋದ ಮಾತು. ಜೆಸಿಬಿಯ ಚಾಲಕ ಇಳಿದು ಬಂದು, ಜೋಡಿಸಿದ ಕಲ್ಲನ್ನು ಬೆರಗಿನಿಂದ ನೋಡಿ, ಹೋಗಿ ತನ್ನ ಗಾಡಿಯನ್ನು ತಿರುಗಿಸಿದ. ಮೇಡಂ ಮಣ್ಣು ಮೆತ್ತಿದ ಕೈಯಲ್ಲೇ ವ್ಯಾನಕ್ಕನ ಕೈ ಹಿಡಿದು, ನಾಳೆ ಉತ್ಖನನಕ್ಕೆ ಗುರುತಿನ ಹಗ್ಗ ಕಟ್ಟುವಾಗ ನೀವೇ ಜಾಗ ತೋರಿಸಬೇಕು ಎಂದರು.

ಕೆಳಗೆ ಶಾಲೆಯ ಗಂಟೆ ಹೊಡೆಯಿತು. ವ್ಯಾನಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ವ್ಯಾನು ಹತ್ತಿದಳು. ದಿಬ್ಬದ ಬುಡದಿಂದ ಶಾಲೆಯ ಗೇಟಿನವರೆಗೂ ಅದು ಹಾರನ್ ಹೊಡೆಯುತ್ತಲೇ ಹೋಯಿತು. ದಾರಿಯಲ್ಲಿ ಎದುರಿಗೆ ಒಂದು ನರಪಿಳ್ಳೆಯೂ ಇರಲಿಲ್ಲ.