ಬಾಗಿಲ ಬಲಗಡೆಯ ಚಾಪೆ

ಒಂದೇ ಕೋಣೆಯಲ್ಲಿ ಸಂಸಾರ ಜೋಡಿಸುವುದೆಂದರೆ ದಿನಾ ಬೆಳಗಾದರೆ ಒಂದು ಜಗಳ. ಎದುರಾಳಿಗಳು ಪಾತ್ರೆ, ಪೆಟ್ಟಿಗೆ, ಸೌದೆ. ಇಂಗ್ಲಿಷ್ ದೊರೆಗಳ ಕಾಲದಲ್ಲಿ, ಮಾದಾಪುರದ ಆಚೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಹನ್ನೊಂದು ವರ್ಷ ಹೀಗೆ ಜಗಳವಾಡಿದ್ದೇನೆ. ನನ್ನ ಗಂಡ ಅಲ್ಲಿ ಲೆಕ್ಕ ಬರೆಯುವ ರೈಟರು. ರೈಟರ ಹೆಂಡತಿಯೆಂದರೆ ಬಂಗಲೆಯಲ್ಲಿ ಕಾಲು ಚಾಚಿ ಕೂರುವವಳೆಂದು ತವರಿನವರು ನಂಬಿದ್ದರು. ನಮಗೆ ಸಿಕ್ಕಿದ್ದು ಕೂಲಿಯವರ ಲೈನುಮನೆಗಳ ಸಾಲಿನ ಕೊನೆಯ ಕೋಣೆ.

ಆ ಕೋಣೆಯೊಳಗೆ ಒಲೆ, ಒಲೆಯ ಮೇಲೆ ಸೌದೆ ಒಣಗಿಸುವ ಅಟ್ಟ, ಅಕ್ಕಿಪೆಟ್ಟಿಗೆ, ಇಬ್ಬರು ಮಕ್ಕಳು, ಮತ್ತೆ ನನ್ನ ಗಂಡನ ಮೇಜು. ಮೇಜನ್ನು ಮುಟ್ಟುವ ಹಾಗಿಲ್ಲ. ಒಳಗೆ ಕಾಲಿಟ್ಟರೆ ಹಿಂಬದಿಯ ಎಡಮೂಲೆಯಲ್ಲಿ ಹಿರಿಯರ ತೂಗುದೀಪ. ನಮ್ಮ ಗೌಡರ ಮನೆಗಳಲ್ಲಿ ನೈರುತ್ಯದ ಮೂಲೆ ತೀರಿಕೊಂಡ ಹಿರಿಯರದು. ಅದನ್ನು ಕನ್ನಿಮೂಲೆ ಎನ್ನುತ್ತೇವೆ. ಸಂಜೆ ಅಲ್ಲಿ ದೀಪ ಹಚ್ಚಬೇಕು, ವರ್ಷಕ್ಕೊಮ್ಮೆ ಎಡೆ ಇಡಬೇಕು. ಮನೆ ಎಷ್ಟೇ ಚಿಕ್ಕದಿರಲಿ, ಸತ್ತವರಿಗೆ ಜಾಗ ಮೊದಲು.

ಉಳಿದದ್ದು ಬಾಗಿಲ ಬಲಗಡೆ ಒಂದು ಚಾಪೆಯಷ್ಟು ನೆಲ. ಸಂಜೆ ಅಲ್ಲಿ ಗೋಡೆಗೆ ಬೆನ್ನು ಕೊಟ್ಟು ಅಕ್ಕಿ ಆರಿಸುತ್ತಿದ್ದೆ. ಆರಿಸಿ ಮುಗಿದ ಮೇಲೂ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದೆ. ಇಡೀ ದಿನದಲ್ಲಿ ಆ ಒಂದು ಹೊತ್ತನ್ನು ಯಾರಿಗೂ ಬಿಟ್ಟುಕೊಡಲು ನನಗೆ ಇಷ್ಟವಿರಲಿಲ್ಲ.

ಒಂದು ಬೇಸಿಗೆಯಲ್ಲಿ ದೊರೆಗೆ ನಮ್ಮ ಸಾಲು ಇದ್ದ ಜಾಗ ಬೇಕಾಯಿತು, ಕಾಫಿಹಣ್ಣು ಸುಲಿಯುವ ಯಂತ್ರದ ಕೊಟ್ಟಿಗೆಗೆ. ಎದುರು ಸಾಲಿಗೆ ಹೋಗಿ ಎಂದು ಹೇಳಿಕಳಿಸಿದರು. ಒಂದೇ ದಿನದಲ್ಲಿ ಅಂಗಳ ದಾಟಿ ಎಲ್ಲವನ್ನೂ ಹೊತ್ತೆ. ಹೊಸ ಕೋಣೆಯೂ ಅಷ್ಟೇ ಅಳತೆ. ಸೊಂಟ ಬಿದ್ದುಹೋಗಿತ್ತು, ಯೋಚಿಸಲು ತ್ರಾಣವಿರಲಿಲ್ಲ. ಕೈ ಅಭ್ಯಾಸದಲ್ಲೇ ಎಲ್ಲವನ್ನೂ ಇಟ್ಟಿತು: ಹಿಂಬದಿ ಎಡಕ್ಕೆ ದೀಪ, ಬಾಗಿಲ ಬಲಕ್ಕೆ ನನ್ನ ಚಾಪೆ. ಈ ಮನೆಯಲ್ಲಿ ಸಂಜೆಯ ಬಿಸಿಲು ನೇರ ಚಾಪೆಯ ತನಕ ಬರುತ್ತಿತ್ತು. ಭಾಗ್ಯವೆಂದುಕೊಂಡೆ.

ವರ್ಷ ತುಂಬುವ ಹೊತ್ತಿಗೆ ಹಿರಿಯರಿಗೆ ಎಡೆ ಇಡಲೆಂದು ಕರಿಕೆ ಊರಿನ ಕಡೆಯಿಂದ ಅತ್ತೆ ಬಂದರು. ಸಂಜೆಯಾಗಿತ್ತು. ಒಳಗೆ ಬಂದವರು ತಿರುಗಿ ಬಾಗಿಲಾಚೆ ಮುಳುಗುವ ಸೂರ್ಯನನ್ನು ನೋಡಿದರು, ಆಮೇಲೆ ದೀಪವನ್ನು.

"ಕೂಸೇ, ಹೊತ್ತು ಅಲ್ಲಿ ಮುಳುಗ್ತಾ ಉಟ್ಟು. ದೀಪ ಇಲ್ಲಿ ಎಂತಕೆ?"

ಅಷ್ಟು ಸಾಕಾಯಿತು. ಹಳೆಯ ಮನೆಯ ಬಾಗಿಲು ಪೂರ್ವಕ್ಕಿತ್ತು, ಇದರದು ಪಶ್ಚಿಮಕ್ಕೆ. ವರ್ಷವಿಡೀ ಹಿರಿಯರಿಗೆ ಈಶಾನ್ಯದಲ್ಲಿ ದೀಪ ಹಚ್ಚಿ, ಅವರ ಮೂಲೆಯಲ್ಲಿ ನಾನು ಬೆನ್ನು ಆನಿಸಿ ಕೂತಿದ್ದೆ. ಗಂಡ ಮೇಜಿನಿಂದ ತಲೆ ಎತ್ತಿ, "ನಿಂಗೆ ದಿಕ್ಕೂ ಗೊತ್ತಿಲ್ಲೆಯಾ?" ಎಂದರು. ಅವರೂ ಅದೇ ಮನೆಯಲ್ಲಿ ವರ್ಷವಿಡೀ ಇದ್ದವರೇ.

ತಪ್ಪು ನನ್ನದೇ. ದೀಪ ಇಳಿಸಿ ಅತ್ತೆಯ ಕೈಗೆ ಕೊಟ್ಟೆ, ಚಾಪೆ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡೆ. ಆದರೆ ಇಡುವುದೆಲ್ಲಿ? ದೀಪ ಇಳಿಸಿದ ಮೂಲೆಗೆ ಆಗಲೇ ಗಂಡ ಸೌದೆ ಒಟ್ಟುತ್ತಿದ್ದರು. ಕೋಣೆಯ ನಡುವೆ ನಿಂತೆ. ಅಳು ಬಂತು, ಸಿಟ್ಟೂ ಬಂತು.

"ನಾನು ಎಲ್ಲಿ ಕೂರ್ಲಿ ಅತ್ತೆ?"

ಅತ್ತೆ ಒಲೆ ನೋಡಿದರು, ಪೆಟ್ಟಿಗೆ ನೋಡಿದರು, ಮೇಜು ನೋಡಿದರು. ಬೈಯುತ್ತಾರೆಂದು ಕಾದೆ.

"ನನ್ನ ಹತ್ರ ಯಾರೂ ಹಂಗೆ ಕೇಳ್ದವ್ರಿಲ್ಲೆ," ಎಂದರು. "ನಾನೂ ಯಾರ ಹತ್ರಾನೂ ಕೇಳ್ದವ್ಳಲ್ಲ."

ದೀಪವನ್ನು ಬಾಗಿಲ ಬಲಗಡೆ ಎತ್ತರದಲ್ಲಿ ತೂಗುಹಾಕಿಸಿದರು. ನನ್ನ ಕಂಕುಳಿಂದ ಚಾಪೆ ಎಳೆದುಕೊಂಡು ಅದರ ಕೆಳಗೇ ಹಾಸಿದರು. "ಹಿರಿಯರು ಮೇಲೆ ಇರ್ಲಿ, ನೀನು ಕೆಳಗೆ ಇರು," ಎಂದರು. ಶಾಸ್ತ್ರಕ್ಕೆ ಇದು ಸರಿಯೋ ತಪ್ಪೋ ಎಂದು ಗಂಡ ಬಾಯಿ ತೆರೆದರು. ಅತ್ತೆ ಅವರ ಕಡೆ ನೋಡಿದ್ದೇ ತಡ, ಮತ್ತೆ ಸೌದೆ ಒಟ್ಟತೊಡಗಿದರು.

ಅತ್ತೆ ತೀರಿಕೊಂಡದ್ದು ಎರಡು ವರ್ಷಗಳ ಮೇಲೆ. ಮರುವರ್ಷ ಅವರಿಗೂ ಎಡೆ ಇಡುವ ದಿನ ಬಂತು. ಬೆಳಗಿನಿಂದ ಬೇಯಿಸಿ, ಉಜ್ಜಿ, ಸಾರಿಸಿ ನನ್ನ ಕೈಕಾಲು ಸೋತಿದ್ದವು. ಎಲೆ ಹಾಕಲು ಚಾಪೆ ಸುತ್ತಿಟ್ಟೆ, ಬಡಿಸಿದೆ, ಕೈ ಮುಗಿದೆ. ಎಲೆ ತೆಗೆದ ಮೇಲೆ ಚಾಪೆಯನ್ನು ಮತ್ತೆ ಬಿಡಿಸುವಾಗ ಗೋಡೆಯಿಂದ ಒಂದಾಳು ಹಿಡಿಸುವಷ್ಟು ಈಚೆಗೆ ಎಳೆದು ಹಾಸಿದೆ. ಎಡವಿ ಬೀಳುತ್ತೇವೆಂದು ಮಕ್ಕಳು ಗೊಣಗಿದರು. ಗೊಣಗಲಿ ಎಂದು ಬಿಟ್ಟೆ. ಇನ್ನು ಮುಂದೆ ಅತ್ತೆಯೂ ಅಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂರಬೇಕಲ್ಲ.