ಎದುರಿನ ಹಲಗೆ

ಬಟ್ಟೆ ಹೊಲಿಯುವ ಕತ್ತರಿ ಅಕ್ಕನ ಕೊರಳಲ್ಲಿ ಅಳತೆಯ ಟೇಪು ಇಲ್ಲದ್ದನ್ನು ಕಂಡವರಿಲ್ಲ. ಮದುವೆಮನೆಗೂ ಹಾಗೇ ಹೋಗಿಬಿಡುತ್ತಿದ್ದಳು. ಬೀದಿಯವರ ಹೊಟ್ಟೆಯ ಅಳತೆಗಳೆಲ್ಲ ಅವಳಿಗೆ ಬಾಯಿಪಾಠ. ಹೆಡ್‌ಮಾಸ್ಟರ ಪ್ಯಾಂಟನ್ನು ಮೂರು ಸಲ ಸಡಿಲ ಮಾಡಿದ್ದನ್ನು, ಒಂದಿಬ್ಬರನ್ನು ಬಿಟ್ಟರೆ, ಯಾರಿಗೂ ಹೇಳಿದವಳಲ್ಲ. ಅದಿರಲಿ, ಈಗ ದೋಣಿಯ ವಿಷಯ.

ಅವಳ ಗಂಡ ಪೋಸ್ಟ್‌ಮ್ಯಾನ್. ಹಗಲೆಲ್ಲ ಕಾಗದ ಹಂಚಿ, ಸಂಜೆಯಾದರೆ ಪುಟ್ಟ ದೋಣಿಯಲ್ಲಿ ಕೆರೆಗೆ ಇಳಿಯುತ್ತಿದ್ದ. ಮೂವತ್ತು ವರ್ಷ ಅಕ್ಕ ಅಡುಗೆಮನೆಯ ಕಿಟಕಿಯಲ್ಲಿ ದೀಪ ಇಟ್ಟು ಕಾದಳು. ಬಂದವನು, "ನಿನ್ನ ಕಿಟಕಿ ಅಲ್ಲಿಂದ ಬೆಂಕಿಪೊಟ್ಟಣದಷ್ಟು ಕಾಣುತ್ತೆ ಕಣೇ" ಅನ್ನುತ್ತಿದ್ದ. ಆ ಬೆಂಕಿಪೊಟ್ಟಣವನ್ನು ಒಂದೇ ಒಂದು ಸಲ ನೀರಿನ ಮೇಲಿಂದ ನೋಡಬೇಕೆಂದು ಅವಳಿಗೆ ಆಸೆ. ಎರಡು ಸಲ ಕೇಳಿದ್ದಳು. "ಜಾಗ ಎಲ್ಲಿದೆ? ಕೂರೋಕಿರೋ ಎದುರಿನ ಹಲಗೆ ಮೀನಿನ ಬುಟ್ಟಿಗೇ ಸರಿಹೋಗುತ್ತೆ" ಅಂದಿದ್ದ. ಮೂರನೆಯ ಸಲ ಕೇಳಲಿಲ್ಲ.

ಕೊನೆಗೆ ಹಳೆಯ ದೋಣಿಯ ತಳ ಕೊಳೆಯಿತು. ಹೊಸದು ನೋಡಲು ಗಂಡ, ಹೆಂಡತಿ, ಮಗಳು ಮೂವರೂ ದೋಣಿ ಮಾರುವವನ ಅಂಗಳಕ್ಕೆ ಹೋದರು. ಮಗಳ ಕಣ್ಣು ನೇರ ಪಾಂಟೂನ್ ದೋಣಿಯ ಮೇಲೆ ಬಿತ್ತು. ಅಡಿಯಲ್ಲಿ ಎರಡು ಉದ್ದನೆಯ ಪೀಪಾಯಿ, ಮೇಲೆ ಚಪ್ಪಟೆ ನೆಲ, ಸೋಫಾ, ನೆರಳಿಗೆ ಚಪ್ಪರ.

"ಅಪ್ಪಾ, ಇದನ್ನೇ ತಗೊಳ್ಳಿ. ಅಮ್ಮನೂ ಬರಬಹುದು, ನಾನು, ಮಕ್ಕಳು ಎಲ್ಲ ಬರಬಹುದು."

"ನೀರಿನ ಮೇಲೆ ಬೈಠಕ್‌ಖಾನೆ ಯಾಕಮ್ಮ? ಇದನ್ನ ಕಂಡ್ರೆ ಮೀನುಗಳು ಕೈಮುಗಿದು ಬೇರೆ ಕೆರೆಗೆ ಹೋಗ್ತವೆ."

ಅವನು ಆಗಲೇ ಮೂಲೆಯ ಪುಟ್ಟ ದೋಣಿಯನ್ನು ಸವರುತ್ತಿದ್ದ. ಅಕ್ಕ ಸೋಫಾದಲ್ಲಿ ಕೂತು ನೋಡಿದಳು. ಮೆತ್ತಗಿತ್ತು. ಆದರೆ ಇಲ್ಲಿ ಕೂತರೆ ಮೊಮ್ಮಕ್ಕಳಿಗೆ ತಿಂಡಿಡಬ್ಬ ತೆಗೆದುಕೊಡುವುದರಲ್ಲೇ ಸಂಜೆ ಕಳೆದುಹೋಗುತ್ತದೆ ಅನ್ನಿಸಿತು. ಗಂಡ ಕಂಡ ಸಂಜೆ ಇದಲ್ಲ. ಎದ್ದು ಹೋದಳು, ಕೊರಳಿನ ಟೇಪು ತೆಗೆದು ಪುಟ್ಟ ದೋಣಿಯ ಎದುರಿನ ಹಲಗೆಗೆ ಹಿಡಿದಳು.

"ಇಪ್ಪತ್ತೆಂಟು ಇಂಚು. ನಂಗೆ ಹದಿನೆಂಟು ಧಾರಾಳ."

ಗಂಡ ಟೇಪನ್ನೇ ನೋಡಿದ. ಅವಳ ಅಳತೆ ತಪ್ಪಿದ್ದೇ ಇಲ್ಲವಲ್ಲ. "ಬುಟ್ಟಿ ಎಲ್ಲಿಡೋದೇ?"

"ನನ್ನ ತೊಡೆ ಮೇಲೆ."

ದೋಣಿ ಮಾರುವವನು ನಕ್ಕುಬಿಟ್ಟ. "ತಗೊಳ್ಳಿ ಸಾರ್, ಇನ್ನು ಮಾತಿಗೆ ಜಾಗ ಇಲ್ಲ."

ಮೊದಲ ಸಂಜೆ ಕಿಟಕಿಯಲ್ಲಿ ದೀಪ ಇಟ್ಟೇ ಹೊರಟಳು. ಮಂಡಿ ನೋವು, ದೋಣಿಯ ಓಲಾಟ ಬೇರೆ, ಗಂಡನ ಭುಜ ಹಿಡಿದು ಹೇಗೋ ಕೂತಳು. ಅವನು ಹುಟ್ಟು ಹಾಕತೊಡಗಿದ. ಅವಳ ಮುಖ ಕೆರೆಯ ಕಡೆಗೆ, ಅವನ ಮುಖ ಮನೆಯ ಕಡೆಗೆ.

"ಹೋಗುವಾಗ ದಿನಾ ಹೀಗೇ ಕೂರ್ತಿದ್ರಾ?"

"ಹುಟ್ಟು ಹಾಕೋರು ಇನ್ಹೇಗೆ ಕೂರ್ತಾರೆ? ಆ ತಿರುವು ಬರೋವರೆಗೂ ನಿನ್ನ ಕಿಟಕಿನೇ ನೋಡ್ತಾ ಹೋಗ್ತಿದ್ದೆ."

ಅಕ್ಕ ಬುಟ್ಟಿಯನ್ನು ಅವುಚಿಕೊಂಡು ಮೆಲ್ಲಗೆ ಹಿಂದಕ್ಕೆ ತಿರುಗಿದಳು. ಬೆಂಕಿಪೊಟ್ಟಣದಷ್ಟೂ ಇರಲಿಲ್ಲ, ಒಂದು ಅಂಗಿಗುಂಡಿಯಷ್ಟು ಬೆಳಕು. ಅದರ ಹಿಂದೆ ಯಾರೂ ಇಲ್ಲವೆಂದು ಗೊತ್ತಿದ್ದರೂ ಯಾರೋ ತನಗಾಗಿ ಕಾಯುತ್ತಿದ್ದಾರೆ ಅನ್ನಿಸಿತು. "ಮನೆಗೆ ತಿರುಗಿಸಿ" ಅನ್ನಬೇಕೆಂದುಕೊಂಡಳು. ಆದರೆ ತಿರುವು ಬಂದು ಬೆಳಕು ಮರೆಯಾಗುವವರೆಗೂ ನೋಡುತ್ತಲೇ ಇದ್ದಳು.