ಮೇಲಿನ ಮನೆಯ ಸೈಬರ್ ಪಂಡಿತ

ಸೊಲ್ಲೆಂಟುನಾದಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದವನು ಚೀನಾ ಸೇನೆಯ ಸೈಬರ್ ಯುದ್ಧತಂತ್ರದ ಬಗ್ಗೆ ಸಂಶೋಧನೆ ಮಾಡುತ್ತಿದ್ದ. ಫಿಕಾಗೆ, ಅಂದರೆ ಸ್ವೀಡಿಷರ ಕಾಫಿ-ಬನ್ನಿನ ಹೊತ್ತಿಗೆ, ಬಂದಾಗಲೆಲ್ಲ ಬನ್ನಿನಿಂದ ತಟ್ಟೆಗೆ ಉದುರಿದ ಸಕ್ಕರೆ ಹರಳನ್ನು ಬೆರಳಿಗೆ ಅಂಟಿಸಿಕೊಂಡು ತಿನ್ನುತ್ತ, "ಕಂಪ್ಯೂಟರ್ ಕೆಟ್ರೆ ರಿಪೇರಿ ಆಗತ್ತೆ ಅಕ್ಕ, ನಂಬಿಕೆ ಕೆಟ್ರೆ ಆಗಲ್ಲ. ಅವರ ಲೆಕ್ಕಾಚಾರವೇ ಅದು" ಅನ್ನುತ್ತಿದ್ದ.

ಒಂದು ದಿನ ನಮ್ಮ ಕನ್ನಡ ಗ್ರೂಪಿಗೆ, ನಲ್ಲಿ ನೀರಿಗೆ ವಿಷ ಸೇರಿದೆ ಎಂಬ ಮೆಸೇಜ್ ಬಂತು. ವಿಚಾರಿಸದೆ ಫಾರ್ವರ್ಡ್ ಮಾಡಿದವನು ಇವನೇ! ಪಂಡಿತನೇ ಕಳಿಸಿದ್ದಾನಲ್ಲ ಎಂದು ನಾವೆಲ್ಲ ಬಾಟಲಿ ನೀರು ಹೊತ್ತು ತಂದೆವು. ಸಂಜೆ ಕೊಮ್ಮೂನ್‌ನವರು, ಅಂದರೆ ಇಲ್ಲಿನ ನಗರಸಭೆಯವರು, ಅದು ಸುಳ್ಳು ಎಂದರು.

ಮರುದಿನ ಅವನು ಸಾರಿ ಕೇಳಲು ನಮ್ಮ ಬಾಗಿಲಲ್ಲಿ ನಿಂತಿದ್ದ.

"ಗ್ರೂಪಲ್ಲೇ ಸಾರಿ ಅಂತ ಹಾಕಿದ್ರೆ ಸಾಲ್ತಿರಲಿಲ್ವೇನೋ?" ಎಂದೆ.

"ನನ್ನ ಮೆಸೇಜನ್ನ ಇನ್ಯಾರು ನಂಬ್ತಾರೆ ಅಕ್ಕ?" ಎಂದವನೇ ಅಡುಗೆಮನೆಗೆ ಹೋಗಿ, ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ನನ್ನೆದುರೇ ಪೂರ್ತಿ ಕುಡಿದ.

ನಮ್ಮದು ಅವತ್ತು ಅವನಿಗೆ ಒಂಬತ್ತನೇ ಮನೆ.